ಪ್ಲೇಸ್‌ಮೆಂಟ್ ಸಿಗದೇ ಇದ್ರೆ ಏನು?

ಹೋದ ಸೆಪ್ಟೆಂಬರಲ್ಲಿ ಒಂದು ಶನಿವಾರ ಮಗಳ ಜೊತೆ ಇಲ್ಲಿ ಬ್ರಿಟನ್‌ನ ಒಂದು ಯೂನಿವರ್ಸಿಟಿ ಓಪನ್ ಡೇಗೆ ಹೋಗಿದ್ದೆ. ದೊಡ್ಡ ಲೆಕ್ಚರ್ ಹಾಲು, ಮೆಟ್ಟಿಲ ಮೇಲೂ ಅಪ್ಪ ಅಮ್ಮಂದಿರು ಕೂತಿದ್ರು, ಪರದೆ ಮೇಲೆ ಆಸ್ಪತ್ರೆ, ಶಾಲೆ, ಬ್ರೈನ್ ಸ್ಕ್ಯಾನರ್ ಫೋಟೋಗಳು ಒಂದಾದ ಮೇಲೆ ಒಂದು ಬರ್ತಿದ್ವು. ಸೈಕಾಲಜಿ ಡಿಗ್ರಿ, ನಾಲ್ಕು ವರ್ಷ, ಅದ್ರಲ್ಲಿ ಮೂರನೇ ವರ್ಷ ಪೂರ್ತಿ ಹೊರಗೆ ಕೆಲಸ. ಮಾತು ಮುಗಿದ ಮೇಲೆ ಪ್ರಶ್ನೆ ಇದ್ರೆ ಕೇಳಿ ಅಂದ್ರು. ಮನೆಗೆ ನೆಂಟರು ಬಂದ್ರೆ ರೂಮಿಂದ ಆಚೆ ಬರೋಕೆ ಹತ್ತು ಸಲ ಯೋಚನೆ ಮಾಡೋ ನನ್ನ ಮಗಳು ಕೈ ಎತ್ತಿದ್ಳು. "ಪ್ಲೇಸ್‌ಮೆಂಟ್ ಸಿಗದೇ ಇದ್ರೆ ಏನಾಗುತ್ತೆ?" ಅಂತ ಕೇಳಿದ್ಳು.

ವೇದಿಕೆ ಮೇಲಿದ್ದವರು ನಗುತ್ತಾ, ನಮ್ಮ ವಿದ್ಯಾರ್ಥಿಗಳು ತುಂಬಾ ಚೆನ್ನಾಗಿ ಮಾಡ್ತಾರೆ, ಕರಿಯರ್ಸ್ ಟೀಮ್ ಬೆಂಬಲ ಇರುತ್ತೆ, ಅಂತ ಹೇಳಿ ಮುಂದಿನ ಪ್ರಶ್ನೆಗೆ ಹೋದ್ರು. ಮುಂದಿನ ಪ್ರಶ್ನೆ ಹಾಸ್ಟೆಲ್ ಬಗ್ಗೆ. ಮಗಳು ನೋಟ್‌ಬುಕ್ಕಲ್ಲಿ ಏನೋ ಬರ್ಕೊಂಡ್ಳು, ನಾನು ಇಣುಕಿ ನೋಡಿದ್ರೆ "ಉತ್ತರ ಇಲ್ಲ" ಅಂತ ಎರಡೇ ಪದ.

ಆಮೇಲೆ ಒಂಬತ್ತು ತಿಂಗಳು ನಮ್ಮ ಮನೆ ಸುತ್ತಿದ್ದು ಆ ಎರಡು ಪದದ ಸುತ್ತಲೇ.

ಮೊದಲು ಈ ಪದದ ಗೊಂದಲ ಹೇಳ್ಬಿಡ್ತೀನಿ, ಯಾಕಂದ್ರೆ ಊರಲ್ಲಿರೋ ನಮ್ಮವರಿಗೆ ಇದನ್ನ ವಿವರಿಸೋದೇ ಒಂದು ಕೆಲಸ ಆಗೋಯ್ತು. ನಮ್ಮ ಕಡೆ ಪ್ಲೇಸ್‌ಮೆಂಟ್ ಅಂದ್ರೆ ಕೋರ್ಸ್ ಕೊನೇಲಿ ಕಂಪನಿ ಕ್ಯಾಂಪಸ್ಸಿಗೆ ಬಂದು ಕೆಲಸ ಕೊಡೋದು. ನಮ್ಮಣ್ಣನಿಗೆ ಫೋನಲ್ಲಿ ಹೇಳಿದ ತಕ್ಷಣ "ಓ ಪ್ಲೇಸ್‌ಮೆಂಟ್ ಇದ್ಯಾ, ಹಂಗಾದ್ರೆ ಇನ್ನೇನ್ ಚಿಂತೆ, ಸೇರಿಸ್ಬಿಡು" ಅಂದ. ಇಲ್ಲಿ ಬ್ರಿಟನ್‌ನಲ್ಲಿ ಹಂಗಲ್ಲ. ಓದಿನ ಮಧ್ಯೆ ಒಂದು ವರ್ಷ ಹೊರಗಡೆ ಎಲ್ಲೋ ಕೆಲಸ ಮಾಡಿ, ಮತ್ತೆ ಕಾಲೇಜಿಗೆ ವಾಪಸ್ ಬಂದು ಕೊನೆ ವರ್ಷ ಓದೋದಕ್ಕೆ ಪ್ಲೇಸ್‌ಮೆಂಟ್ ವರ್ಷ ಅಂತಾರೆ. ಕೆಲಸದ ಗ್ಯಾರಂಟಿ ಅದರಲ್ಲಿಲ್ಲ. ಎಷ್ಟೋ ಕಡೆ ಸಂಬಳವೂ ಇಲ್ಲ. ಎರಡು ಬ್ರೆಡ್ ಮಧ್ಯೆ ಪಲ್ಯ ಇಟ್ಟ ಹಾಗೆ ಓದಿನ ಮಧ್ಯೆ ಕೆಲಸ ಇರೋದ್ರಿಂದ ಇದಕ್ಕೆ ಹಳೇ ಹೆಸರು ಸ್ಯಾಂಡ್‌ವಿಚ್ ಕೋರ್ಸ್. ಹೊಸದೇನಲ್ಲ ಇದು, 1903ರಲ್ಲೇ ಸಂಡರ್‌ಲ್ಯಾಂಡ್ ಟೆಕ್ನಿಕಲ್ ಕಾಲೇಜಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಶುರುವಾಗಿದ್ದು. ಆಮೇಲೆ 1963ರ ರಾಬಿನ್ಸ್ ವರದಿ ಬಂತು, ಅಲ್ಲೀವರೆಗೆ ಅಡ್ವಾನ್ಸ್ಡ್ ಟೆಕ್ನಾಲಜಿ ಕಾಲೇಜುಗಳಾಗಿದ್ದ ಬಾತ್, ಸರ್ರಿ, ಲಫ್‌ಬರೋ, ಆಸ್ಟನ್ ಇವೆಲ್ಲ 1966ರಲ್ಲಿ ಯೂನಿವರ್ಸಿಟಿ ಆದ್ವು, ಆಗ ಈ ಕೆಲಸದ ವರ್ಷದ ಅಭ್ಯಾಸನೂ ಜೊತೇಲೇ ತಂದ್ವು. ಇವತ್ತಿಗೂ ಸೈಕಾಲಜಿ ಜೊತೆ ಪ್ಲೇಸ್‌ಮೆಂಟ್ ಅಂತ ಹುಡುಕಿದ್ರೆ ಅವೇ ಹೆಸರುಗಳು ಬರ್ತವೆ, ಜೊತೆಗೆ ಕಾರ್ಡಿಫ್, ಮತ್ತೆ ಈಗ ಇನ್ನೂ ಹತ್ತಾರು. ಎಂಜಿನಿಯರುಗಳಿಗೆ ಅಂತ ಮಾಡಿದ ಪದ್ಧತಿ ಮನಸ್ಸನ್ನ ಓದೋವ್ರಿಗೂ ಬಂತಲ್ಲ ಅಂತ ನನಗೆ ನಿಜವಾಗ್ಲೂ ಸಂತೋಷ ಇದೆ, ಯಾಕೆ ಅಂತ ಹೇಳ್ತೀನಿ.

ನಾನೂ ಸೈಕಾಲಜಿ ಓದಿದೋಳೇ. ಬಿಎನಲ್ಲಿ ಮೂರು ಸಬ್ಜೆಕ್ಟಲ್ಲಿ ಒಂದು, ಜರ್ನಲಿಸಂ, ಸೈಕಾಲಜಿ, ಇಂಗ್ಲಿಷ್. ಪಾವ್ಲೋವ್‌ನ ನಾಯಿ, ಫ್ರಾಯ್ಡ್‌ನ ಮೂರು ಪದರ, ಮ್ಯಾಸ್ಲೋನ ಪಿರಮಿಡ್ಡು ಎಲ್ಲ ಬಾಯಿಪಾಠ, ಲ್ಯಾಬಲ್ಲಿ ಕನ್ನಡಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋ ಪ್ರಯೋಗ, ರೆಕಾರ್ಡ್ ಪುಸ್ತಕಕ್ಕೆ ಸಹಿ. ಮೂರು ವರ್ಷದಲ್ಲಿ ನಿಜವಾದ ಮನುಷ್ಯರನ್ನ ನೋಡಿದ್ದು ಒಂದೇ ದಿನ. ಒಂದು ಮಾನಸಿಕ ಆಸ್ಪತ್ರೆಗೆ ಬಸ್ಸಲ್ಲಿ ಕರ್ಕೊಂಡು ಹೋಗಿದ್ರು, ನಲವತ್ತು ಜನ ಹುಡುಗೀರು, ಸಾಲಾಗಿ ಹೋಗಿ ಸಾಲಾಗಿ ಬನ್ನಿ, ಯಾರ್ ಜೊತೆನೂ ಮಾತಾಡ್ಬೇಡಿ ಅಂತ. ಕಾರಿಡಾರಲ್ಲಿ ನಮ್ಮಮ್ಮನ ವಯಸ್ಸಿನ ಒಬ್ಬರು ಬೆಂಚಿನ ಮೇಲೆ ಕೂತಿದ್ರು. ನಾನು ಪಕ್ಕದಲ್ಲಿ ಹಾದು ಹೋಗುವಾಗ ನನ್ನ ದುಪಟ್ಟಾ ಅಂಚು ಹಿಡ್ಕೊಂಡು "ಯಾರ ಮನೆ ಹುಡುಗಿ ನೀನು?" ಅಂತ ಕೇಳಿದ್ರು. ನನಗೆ ಉತ್ತರ ಹೇಳ್ಬೇಕು ಅನ್ಸಿತ್ತು. ಹಿಂದಿಂದ ಮೇಡಂ "ನಡೀರಿ ನಡೀರಿ" ಅಂದ್ರು, ನಾನು ನಡೆದೆ. ಇಪ್ಪತ್ತೈದು ವರ್ಷ ಆಯ್ತು, ಆ ಪ್ರಶ್ನೆ ಮರ್ತಿಲ್ಲ. ಡಿಗ್ರಿ ಮುಗಿದ ಮೇಲೆ ಮುಂದೇನು ಅಂತ ಹೇಳೋವ್ರೂ ಇರ್ಲಿಲ್ಲ, ಮದುವೆ ಆಯ್ತು, ಈ ದೇಶಕ್ಕೆ ಬಂದೆ, ಈಗ ಒಂದು ಆಫೀಸಲ್ಲಿ ಸಂಬಳದ ಲೆಕ್ಕ ನೋಡ್ಕೊಳ್ತೀನಿ. ಬೇಜಾರಿನ ಕೆಲಸ ಅಲ್ಲ ಅದು. ಆದ್ರೆ ಮಗಳು ಹದಿನಾರನೇ ವಯಸ್ಸಲ್ಲಿ ಎ ಲೆವೆಲ್‌ಗೆ, ಅಂದ್ರೆ ನಮ್ಮ ಪಿಯುಸಿ ಥರದ್ದಕ್ಕೆ, ಸೈಕಾಲಜಿ ತಗೋತೀನಿ ಅಂದಾಗ ನನಗೆ ಮೊದಲು ನೆನಪಾಗಿದ್ದು ಆ ಬೆಂಚು.

ಹಂಗಾಗಿ ಪ್ಲೇಸ್‌ಮೆಂಟ್ ಇರೋ ಕೋರ್ಸೇ ಬೇಕು ಅನ್ನೋದ್ರಲ್ಲಿ ನಮ್ಮಿಬ್ಬರಿಗೂ ಜಗಳ ಇರ್ಲಿಲ್ಲ. ಜಗಳ ಇದ್ದಿದ್ದು ಎಲ್ಲಿ ಅನ್ನೋದ್ರಲ್ಲಿ.

ಇಲ್ಲಿ ಯೂನಿವರ್ಸಿಟಿಗಳಿಗೆಲ್ಲ ಯುಕಾಸ್ ಅನ್ನೋ ಒಂದೇ ಕಡೆ ಅರ್ಜಿ ಹಾಕೋದು, ಅದರಲ್ಲಿ ಐದು ಆಯ್ಕೆ ಹಾಕ್ಬಹುದು. ಈ ಸಲದಿಂದ ಪರ್ಸನಲ್ ಸ್ಟೇಟ್‌ಮೆಂಟ್ ಒಂದೇ ಉದ್ದ ಪ್ರಬಂಧ ಅಲ್ಲ, ಮೂರು ಪ್ರಶ್ನೆ ಮಾಡಿದ್ದಾರೆ, ಒಟ್ಟು 4,000 ಅಕ್ಷರದೊಳಗೆ. ಈ ವಿಷಯ ಯಾಕೆ, ಓದು ನಿನ್ನನ್ನ ಹೇಗೆ ತಯಾರು ಮಾಡಿದೆ, ಓದಿನ ಆಚೆ ಏನು ಮಾಡಿದೀಯ. ಜನವರಿ 14 ಕೊನೆ ದಿನ ಆಗಿತ್ತು, ಮಗಳು ಡಿಸೆಂಬರಲ್ಲೇ ಕಳ್ಸಿದ್ಳು. ಮಾರ್ಚ್ ಹೊತ್ತಿಗೆ ಉತ್ತರ ಎಲ್ಲ ಬಂದು ಕೊನೆಗೆ ಎರಡು ಉಳೀತು. ಅವುಗಳ ಹೆಸರು ಹೇಳಲ್ಲ, ಅವಳ ವಿಷಯ ಅದು. ಮನೇಲಿ ನಾವು ಕರೀತಿದ್ದ ಹಾಗೇ ಬರೀತೀನಿ, ಒಂದು ರೈಲಿನ ಊರು, ಒಂದು ಬಸ್ಸಿನ ಊರು. ರೈಲಿನ ಊರು ದೊಡ್ಡ ಹೆಸರು, ಆಫೀಸಲ್ಲಿ ಹೇಳಿದ್ರೆ ಎಲ್ಲರೂ ಹುಬ್ಬು ಮೇಲೆ ಮಾಡ್ತಾರೆ, ರ‍್ಯಾಂಕಿಂಗಲ್ಲೂ ಮೇಲೆ. ಬಸ್ಸಿನ ಊರಿಗೆ ಸ್ಟೇಷನ್ನಿಂದ ಇನ್ನೊಂದು ಬಸ್ ಹತ್ಕೊಂಡು ಹೋಗ್ಬೇಕು, ಹೆಸರು ಹೇಳಿದ್ರೆ "ಅದೆಲ್ಲಿ ಬರುತ್ತೆ?" ಅಂತಾರೆ. ಮೇಲೆ ಹೇಳಿದ ಓಪನ್ ಡೇ ರೈಲಿನ ಊರಿಂದು.

ನಾನು ರೈಲಿನ ಊರಿನ ಪಕ್ಷ. ಬಚ್ಚಿಡೋದೇನಿಲ್ಲ. ವಲಸೆ ಬಂದ ಮನೆಯವರಿಗೆ ಹೆಸರು ಅನ್ನೋದು ಬರೀ ಜಂಬ ಅಲ್ಲ, ಅದೊಂದು ರಕ್ಷಣೆ ಅನ್ಸುತ್ತೆ, ನಮ್ಮ ಸರ್‌ನೇಮ್ ಓದೋಕೆ ಬರದೇ ಇರೋವ್ರಿಗೂ ಕಾಲೇಜಿನ ಹೆಸರು ಓದೋಕೆ ಬರುತ್ತಲ್ಲ ಅನ್ನೋ ಲೆಕ್ಕ. ಮಗಳು ಅದನ್ನ ಕೇಳಿಸ್ಕೊಂಡ್ಳು, ತಳ್ಳಿ ಹಾಕ್ಲಿಲ್ಲ. "ಆದ್ರೆ ಅಮ್ಮ, ನಾನು ಆ ಮೂರನೇ ವರ್ಷಕ್ಕೋಸ್ಕರ ಹೋಗ್ತಿರೋದು, ಆ ವರ್ಷದ ಬಗ್ಗೆ ಯಾರು ಸರಿಯಾಗಿ ಹೇಳ್ತಾರೋ ಅದನ್ನ ನೋಡ್ಬೇಕಲ್ವಾ" ಅಂದ್ಳು.

ಅದಕ್ಕೆ ಮೊದಲು ಒಂದು ವಿಷಯ ಖಾತ್ರಿ ಮಾಡ್ಕೊಬೇಕಿತ್ತು, ಎರಡೂ ಕೋರ್ಸಿಗೆ ಬಿಪಿಎಸ್ ಮಾನ್ಯತೆ ಇದ್ಯಾ ಅಂತ. ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ, 1901ರಲ್ಲಿ ಶುರುವಾಗಿದ್ದು. ಅವರು ಒಪ್ಪಿದ ಡಿಗ್ರೀಲಿ ಕನಿಷ್ಠ ಲೋವರ್ ಸೆಕೆಂಡ್ ಕ್ಲಾಸ್ ತಗೊಂಡು ಪಾಸಾದ್ರೆ ಜಿಬಿಸಿ, ಅಂದ್ರೆ ಆ ಸೊಸೈಟಿಯ ಚಾರ್ಟರ್ಡ್ ಸದಸ್ಯತ್ವಕ್ಕೆ ಬೇಕಾದ ಮೊದಲ ಹಂತದ ಅರ್ಹತೆ ಸಿಗುತ್ತೆ, ಅದಿಲ್ಲದೆ ಮುಂದೆ ಸೈಕಾಲಜಿಸ್ಟ್ ಆಗೋ ತರಬೇತಿಗಳಿಗೆ ಅರ್ಜಿ ಹಾಕೋದೇ ಕಷ್ಟ. ಯೂನಿವರ್ಸಿಟಿ ಹೆಸರು ನೋಡಿ ಇದ್ದೇ ಇರುತ್ತೆ ಅಂತ ಅಂದ್ಕೊಬಾರದು, ಮಾನ್ಯತೆ ಕೊಡೋದು ಕೋರ್ಸಿಗೆ, ಅದ್ರಲ್ಲೂ ಸೈಕಾಲಜಿ ಜೊತೆ ಇನ್ನೊಂದು ವಿಷಯ ಸೇರಿಸಿದ ಜಂಟಿ ಡಿಗ್ರಿಗಳಲ್ಲಿ ಕೆಲವಕ್ಕೆ ಇರುತ್ತೆ ಕೆಲವಕ್ಕೆ ಇರಲ್ಲ. ಮಾನ್ಯತೆ ಇದ್ರೆ ಓದೋ ಮುಖ್ಯ ಭಾಗಗಳೂ ಹೆಚ್ಚು ಕಮ್ಮಿ ಒಂದೇ, ಮೆದುಳಿನ ಜೀವಶಾಸ್ತ್ರ, ಅರಿವು, ಮಕ್ಕಳ ಬೆಳವಣಿಗೆ, ಸಾಮಾಜಿಕ, ವ್ಯಕ್ತಿ ವ್ಯತ್ಯಾಸ, ಮತ್ತೆ ಎಲ್ಲರೂ ಹೆದರೋ ಸ್ಟ್ಯಾಟಿಸ್ಟಿಕ್ಸು. ಎರಡೂ ಕಡೆ ಮಾನ್ಯತೆ ಇತ್ತು. ಅಂದ್ರೆ ನಾನು ದೊಡ್ಡ ಹೆಸರು ಅಂತ ಹಿಡ್ಕೊಂಡಿದ್ದ ಕಡೆನೂ, ಬಸ್ಸಿನ ಊರಲ್ಲೂ ಕೊನೇಲಿ ಸಿಗೋ ಅರ್ಹತೆ ಒಂದೇ. ಇದು ಗೊತ್ತಾದ ರಾತ್ರಿ ನನಗೆ ಸ್ವಲ್ಪ ನಿದ್ದೆ ಕಮ್ಮಿನೇ ಬಂತು.

ಇಲ್ಲಿ ಸೈಕಾಲಜಿ ಡಿಗ್ರಿ ಆದ ತಕ್ಷಣ ಯಾರೂ ಸೈಕಾಲಜಿಸ್ಟ್ ಆಗಲ್ಲ ಅನ್ನೋದನ್ನೂ ಊರಿನವರಿಗೆ ಹೇಳ್ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋ ಬಿರುದಿಗೆ ಕಾನೂನಿನ ರಕ್ಷಣೆ ಇದೆ, 2009ರಿಂದ ಎಚ್‌ಸಿಪಿಸಿ ಅನ್ನೋ ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆಯ ರಿಜಿಸ್ಟರಲ್ಲಿ ಹೆಸರು ಇದ್ದೋರು ಮಾತ್ರ ಅದನ್ನ ಬಳಸ್ಬಹುದು. ಆ ರಿಜಿಸ್ಟರ್ ಸೇರೋಕೆ ಮೂರು ವರ್ಷದ ಡಾಕ್ಟರೇಟು. ಇಂಗ್ಲೆಂಡಲ್ಲಿ ಅದರ ಸೀಟುಗಳಿಗೆ ಎನ್‌ಎಚ್‌ಎಸ್ಸೇ, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆನೇ, ದುಡ್ಡು ಕೊಟ್ಟು, ಸಂಬಳನೂ ಕೊಟ್ಟು ಓದಿಸುತ್ತೆ, ಆದ್ದರಿಂದ ಅರ್ಜಿ ಹಾಕೋರು ಸೀಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಅಲ್ಲಿ ಮಾರ್ಕ್ಸ್ ಜೊತೆಗೆ ಕೇಳೋದು ಅನುಭವ. ಅನುಭವಕ್ಕೆ ಅಸಿಸ್ಟೆಂಟ್ ಸೈಕಾಲಜಿಸ್ಟ್ ಕೆಲಸ ಬೇಕು, ಆ ಕೆಲಸಕ್ಕೆ ಅರ್ಜಿ ಹಾಕಿದ್ರೆ ಅಲ್ಲೂ ಮೊದಲೇ ಅನುಭವ ಇದ್ಯಾ ಅಂತ ಕೇಳ್ತಾರೆ. ಈಜು ಬಂದ್ಮೇಲೆ ನೀರಿಗಿಳಿ ಅಂದ ಹಾಗೆ. ಓದ್ತಾ ಇರುವಾಗ್ಲೇ ಒಂದು ವರ್ಷ ಆಸ್ಪತ್ರೇಲೋ ಶಾಲೇಲೋ ಕೆಲಸ ಮಾಡೋದಕ್ಕೆ ಅದಕ್ಕೇ ಇಷ್ಟು ಬೆಲೆ. ಅದೊಂದೇ ದಾರಿ ಅಂತ ಅಲ್ಲ. ಡಿಗ್ರಿ ಮುಗಿಸ್ಕೊಂಡು ಮಾತಿನ ಮೂಲಕ ಚಿಕಿತ್ಸೆ ಕೊಡೋ ಟಾಕಿಂಗ್ ಥೆರಪೀಸ್ ಸೇವೇಲಿ ತರಬೇತಿ ತಗೊಳ್ಳೋರು, ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿ ವಾರ್ಡಲ್ಲಿ ದುಡಿದು ಮೇಲೆ ಬಂದೋರು ಬೇಕಾದಷ್ಟು ಜನ ಇದ್ದಾರೆ. ಇದನ್ನ ನಾನು ಬೇಕಂತ್ಲೇ ಬರೀತಿದೀನಿ, ಪ್ಲೇಸ್‌ಮೆಂಟ್ ಇಲ್ಲದ ಕೋರ್ಸ್ ಸೇರಿದ ಮಕ್ಕಳ ಮನೇಲಿ ಇದನ್ನ ಓದಿ ಯಾರೂ ಮುಖ ಸಣ್ಣ ಮಾಡ್ಕೊಬಾರದು.

ಬಸ್ಸಿನ ಊರಿಗೆ ನಾವು ಹೋಗಿದ್ದು ಮಾರ್ಚಲ್ಲಿ, ಆಫರ್ ಬಂದವ್ರಿಗೆ ಅಂತ ಮಾಡೋ ದಿನ. ಮಳೆ ಹೊಡೀತಿತ್ತು. ಹಾಲ್ ಸಣ್ಣದು, ಪ್ರೊಜೆಕ್ಟರ್ ಮಂಕು. ಪ್ಲೇಸ್‌ಮೆಂಟ್ ನೋಡ್ಕೊಳ್ಳೋರು ಐವತ್ತು ದಾಟಿದ ಒಬ್ಬ ಮಹಿಳೆ, ಕೈಲಿ ಒಂದು ರಿಂಗ್ ಫೈಲು. ಮಗಳು ಅದೇ ಪ್ರಶ್ನೆ ಕೇಳಿದ್ಳು. ಅವರು ಫೈಲ್ ತೆಗೆದು, ಹಿಂದಿನ ವರ್ಷ ಎಷ್ಟು ಜನ ಹೊರಟಿದ್ರು, ಎಷ್ಟು ಜನಕ್ಕೆ ಸಿಕ್ತು, ಎಷ್ಟು ಜನಕ್ಕೆ ಸಿಗ್ಲಿಲ್ಲ, ಸಿಗದೇ ಇದ್ದ ಒಬ್ಬೊಬ್ರೂ ಏನು ಮಾಡಿದ್ರು ಅಂತ ಹೆಸರಿಲ್ಲದೆ ಹೇಳ್ತಾ ಹೋದ್ರು. ಕೆಲವರು ಮೂರು ವರ್ಷದ ಕೋರ್ಸಿಗೆ ಬದಲಾಗಿ ಸೀದಾ ಕೊನೆ ವರ್ಷಕ್ಕೆ ಹೋದ್ರು. ಒಬ್ಬರು ನವೆಂಬರ್ ತನಕ ಕಾದು ತಡವಾಗಿ ಶುರು ಮಾಡಿದ್ರು. ಇನ್ನೊಬ್ಬರು ಶುರು ಮಾಡಿ ಎರಡು ತಿಂಗಳಿಗೆ ಬಿಟ್ರು, ಅಲ್ಲಿನ ವಾತಾವರಣ ಆಗ್ಲಿಲ್ಲ, ಅವರಿಗೆ ಬೇರೆ ಕಡೆ ಹುಡುಕಿ ಕೊಟ್ವಿ ಅಂದ್ರು. ಸಿಗದೇ ಇದ್ದಿದ್ದು ಬರೀ ಒಬ್ಬಿಬ್ಬರಿಗೆ ಅಂತೂ ಅಲ್ಲ. ಆದ್ರೆ ಅವರು ಅದನ್ನ ಹೇಳುವಾಗ ಆ ಮಕ್ಕಳ ಮುಖ ಅವರ ಕಣ್ಮುಂದೆ ಇದೆ ಅಂತ ನಮಗೆ ಕಾಣ್ತಿತ್ತು.

ಆಮೇಲೆ ಅವರೇ ಇನ್ನೊಂದಷ್ಟು ಹೇಳಿದ್ರು, ನಮಗೆ ಕೇಳ್ಬೇಕು ಅಂತ ಗೊತ್ತೇ ಇಲ್ಲದ ವಿಷಯಗಳು. ಪ್ಲೇಸ್‌ಮೆಂಟ್ ಹುಡುಕೋದು ಯಾರು ಅನ್ನೋದು ಒಂದೊಂದು ಯೂನಿವರ್ಸಿಟೀಲಿ ಒಂದೊಂದು ಥರ. ಕೆಲವು ಕಡೆ ವರ್ಷಾನುಗಟ್ಟಲೆ ಸಂಬಂಧ ಇಟ್ಕೊಂಡಿರೋ ಆಸ್ಪತ್ರೆಗಳ ಪಟ್ಟಿ ಇರುತ್ತೆ, ಒಳಗೇ ಇಂಟರ್‌ವ್ಯೂ ನಡೆಯುತ್ತೆ, ಕೆಲವು ಕಡೆ ಒಂದು ವೆಬ್‌ಸೈಟ್ ಲಾಗಿನ್ ಕೊಟ್ಟು ನೀನೇ ಹುಡುಕ್ಕೊ ಅಂತಾರೆ. ಎರಡನೇ ವರ್ಷದ ಶುರುವಿಂದ್ಲೇ ಅರ್ಜಿ ಹಾಕೋದು ಶುರು, ಅದೂ ಲೆಕ್ಚರ್ ಅಸೈನ್‌ಮೆಂಟ್ ಮಧ್ಯೆ. ಮೊದಲ ವರ್ಷದ ಮಾರ್ಕ್ಸು ಡಿಗ್ರಿ ಕ್ಲಾಸಿಗೆ ಸೇರದೇ ಇರ್ಬಹುದು, ಆದ್ರೆ ಪ್ಲೇಸ್‌ಮೆಂಟ್ ಕೊಡೋರ ಕೈಲಿ ಆಗ ಇರೋದು ಅದೊಂದೇ ಅಂಕಪಟ್ಟಿ, ಅದಕ್ಕೆ ಫಸ್ಟ್ ಇಯರ್ ಆಟ ಅಂದ್ಕೊಬೇಡಿ ಅಂದ್ರು. ಆಸ್ಪತ್ರೆ ಶಾಲೆಗಳಿಗೆ ಹೋಗೋರಿಗೆ ಡಿಬಿಎಸ್ ಅನ್ನೋ ಅಪರಾಧ ದಾಖಲೆ ಪರೀಕ್ಷೆ, ಲಸಿಕೆ ದಾಖಲೆ, ಇದೆಲ್ಲ ವಾರಗಟ್ಟಲೆ ಹಿಡಿಯುತ್ತೆ. ಕೆಲಸದ ವರ್ಷದಲ್ಲಿ ಯೂನಿವರ್ಸಿಟಿಯಿಂದ ಯಾರು ಬಂದು ನೋಡ್ತಾರೆ, ಎಷ್ಟು ಸಲ, ಆ ವರ್ಷದ ವರದಿಗೆ ಮಾರ್ಕ್ಸ್ ಇದ್ಯಾ ಇಲ್ಲ ಬರೀ ಪಾಸು ಫೇಲಾ, ಇದನ್ನೆಲ್ಲ ಎಲ್ಲಾ ಕಡೆ ಕೇಳಿ, ನಮ್ಮನ್ನ ಬಿಟ್ಟು ಬೇರೆ ಕಡೆ ಹೋದ್ರೂ ಕೇಳಿ ಅಂದ್ರು. ಆ ಕೊನೇ ಮಾತಿಗೆ ನಾನು ಸೋತೆ. ಒಪ್ಪಿದೆ ಅಂತಲ್ಲ, ಆದ್ರೆ ಸೋತೆ.

ಊಟದ ಹೊತ್ತಲ್ಲಿ ನಾಲ್ಕನೇ ವರ್ಷದ ಹುಡುಗಿ ಒಬ್ಬಳು ನಮ್ಮ ಟೇಬಲ್ಲಿಗೆ ಬಂದ್ಳು. ಒಂದು ಮೆಮೊರಿ ಕ್ಲಿನಿಕ್ಕಲ್ಲಿ, ಅಂದ್ರೆ ವಯಸ್ಸಾದವರ ಮರೆವಿನ ಕಾಯಿಲೆ ಪರೀಕ್ಷೆ ಮಾಡೋ ಜಾಗದಲ್ಲಿ ಒಂದು ವರ್ಷ ಇದ್ದವಳು. ಮೊದಲ ಎರಡು ತಿಂಗಳು ಬರೀ ಎಕ್ಸೆಲ್ ಶೀಟು, ಅಪಾಯಿಂಟ್‌ಮೆಂಟ್ ಫೋನು, ಪರೀಕ್ಷೆ ಪೇಪರಿಗೆ ಅಂಕ ಕೂಡೋದು, ಇದಕ್ಕಾ ನಾನು ಬಂದೆ ಅನ್ಸಿತ್ತಂತೆ. ಆಮೇಲೆ ನಿಧಾನವಾಗಿ ಸೈಕಾಲಜಿಸ್ಟ್ ಪಕ್ಕದಲ್ಲಿ ಕೂತು ನೋಡೋಕೆ ಬಿಟ್ರು. ಅಲ್ಲಿ ಒಂದು ಪರೀಕ್ಷೆ ಇದೆ, ಗಡಿಯಾರ ಬರೀರಿ ಅಂತಾರೆ, ಮುಳ್ಳುಗಳನ್ನ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಇಡಿ ಅಂತಾರೆ. ಒಬ್ಬ ತಾತ ಹನ್ನೆರಡೂ ಅಂಕಿಗಳನ್ನ ವೃತ್ತದ ಒಂದೇ ಕಡೆ ಬರೆದು, ಪೆನ್ಸಿಲ್ ಕೆಳಗಿಟ್ಟು ನೋಡಿದ್ರಂತೆ. ಏನೋ ತಪ್ಪಿದೆ ಅಂತ ಅವರಿಗೆ ಗೊತ್ತಾಗ್ತಿದೆ, ಏನು ಅಂತ ಗೊತ್ತಾಗ್ತಿಲ್ಲ. ಈ ಹುಡುಗಿಗೆ ಏನಾದ್ರೂ ಹೇಳಿ ಸಮಾಧಾನ ಮಾಡ್ಬೇಕು ಅಂತ ಬಾಯಿ ತುದಿಗೆ ಬಂದಿತ್ತಂತೆ. ಸೈಕಾಲಜಿಸ್ಟ್ ಏನೂ ಹೇಳ್ಲಿಲ್ಲ, ಕಾದ್ರು. ತುಂಬಾ ಹೊತ್ತು ಕಾದ್ರು. ಆಮೇಲೆ ತಾತನೇ "ನಾನು ವಾಚ್ ರಿಪೇರಿ ಮಾಡ್ತಿದ್ದೆ" ಅಂದ್ರಂತೆ. ಅಲ್ಲಿಂದ ಮಾತು ಶುರುವಾಯ್ತು, ಅವತ್ತಿನ ತನಕ ಅವರ ಫೈಲಲ್ಲಿ ಆ ವಿಷಯ ಯಾರೂ ಬರೆದೇ ಇರ್ಲಿಲ್ಲ.

ನಾನು ತಟ್ಟೆ ಕಡೆ ನೋಡ್ತಾ ಕೂತೆ. ಮಗಳು ಒಂದು ಪ್ರಶ್ನೆನೂ ಕೇಳ್ಲಿಲ್ಲ, ನೋಟ್‌ಬುಕ್ ಮುಚ್ಚಿ ಇಟ್ಟಿದ್ಳು.

ಅದೇ ಹುಡುಗಿ ಇನ್ನೊಂದು ಕಷ್ಟನೂ ಹೇಳಿದ್ಳು, ಅದನ್ನ ಯಾರೂ ಮುಂಚೆ ಹೇಳಲ್ಲ. ಪ್ಲೇಸ್‌ಮೆಂಟ್ ಮುಗಿಸಿ ವಾಪಸ್ ಬರೋ ಹೊತ್ತಿಗೆ ಮೂರು ವರ್ಷದ ಕೋರ್ಸಿನ ಸ್ನೇಹಿತರೆಲ್ಲ ಪಾಸಾಗಿ ಹೋಗಿರ್ತಾರೆ. ಒಂದು ವರ್ಷ ಬೇರೆ ಊರಲ್ಲಿ ಒಬ್ಬಳೇ ರೂಮು, ವಾಪಸ್ ಬಂದ್ರೆ ಕ್ಲಾಸಲ್ಲಿ ಅರ್ಧ ಮುಖ ಹೊಸದು, ಕೊನೆ ವರ್ಷದ ಮನೆ ಯಾರ ಜೊತೆ ಹಂಚ್ಕೊಳ್ಳೋದು ಅನ್ನೋದನ್ನ ದೂರದಿಂದ ಫೋನಲ್ಲಿ ಮಾತಾಡಿ ತೀರ್ಮಾನ ಮಾಡ್ಬೇಕು. ಒಂಟಿತನ ಇತ್ತು, ಅಕ್ಟೋಬರಲ್ಲಿ ಅತ್ತಿದೀನಿ, ಅಂದ್ಳು. ಅವಳು ಅಷ್ಟು ನೇರವಾಗಿ ಹೇಳಿದ್ದು ನನಗೆ ಆ ಜಾಗದ ಬಗ್ಗೆ ಇನ್ನೂ ನಂಬಿಕೆ ಬರೋ ಹಾಗೆ ಮಾಡ್ತು.

ಇನ್ನು ದುಡ್ಡು. ನನ್ನ ಗಂಡ ಈ ಪೂರ್ತಿ ವಿಷಯದಲ್ಲಿ ಮಾತಾಡಿದ್ದು ಕಮ್ಮಿ, ಮಾತಾಡಿದಾಗೆಲ್ಲ ದುಡ್ಡಿನ ಬಗ್ಗೆ, ಮತ್ತೆ ಅವರು ಹೇಳಿದ್ದೆಲ್ಲ ಸರಿಯಾಗಿತ್ತು. ಇಂಗ್ಲೆಂಡಲ್ಲಿ 2025-26ಕ್ಕೆ ವರ್ಷದ ಫೀಸಿನ ಮಿತಿ 9,535 ಪೌಂಡು, ಪ್ಲೇಸ್‌ಮೆಂಟ್ ವರ್ಷಕ್ಕೆ ಅದರ ಶೇಕಡ 20ರಷ್ಟು ಮಾತ್ರ ತಗೋಬಹುದು, ಅಂದ್ರೆ ಹೆಚ್ಚಂದ್ರೆ 1,905. ಅದು ಕೇಳೋಕೆ ಹಗುರ. ಭಾರ ಇರೋದು ಬಾಡಿಗೆಯಲ್ಲಿ. ಕಾಲೇಜಿನ ವರ್ಷಕ್ಕೆ ರಜೆ ಇರುತ್ತೆ, ಕೆಲಸದ ವರ್ಷಕ್ಕೆ ಹನ್ನೆರಡು ತಿಂಗಳೂ ಬಾಡಿಗೆ, ದಿನಾ ಬಸ್ಸೋ ರೈಲೋ. ಕೋರ್ಸಿನ ಭಾಗವಾಗಿ ಮಾಡೋ ಪ್ಲೇಸ್‌ಮೆಂಟ್ ಒಂದು ವರ್ಷದೊಳಗೆ ಇದ್ರೆ ಕನಿಷ್ಠ ವೇತನದ ಕಾನೂನು ಅದಕ್ಕೆ ಅನ್ವಯಿಸಲ್ಲ, ಹಾಗಾಗಿ ಸಂಬಳ ಇಲ್ಲದ ಕೆಲಸ ಕಾನೂನುಬದ್ಧ, ಮತ್ತೆ ಸೈಕಾಲಜೀಲಿ, ಅದ್ರಲ್ಲೂ ಆಸ್ಪತ್ರೆ ಕಡೆ, ಅದೇ ಜಾಸ್ತಿ. ಕಂಪನಿಗಳ ಎಚ್‌ಆರ್, ಮಾರ್ಕೆಟ್ ರಿಸರ್ಚ್ ಕಡೆ ಹೋದ್ರೆ ಸಂಬಳ ಸಿಗುತ್ತೆ. ಇದು ನನಗೆ ತುಂಬಾ ಬೇಸರದ ವಿಷಯ. ನರಳೋರ ಜೊತೆ ಕೂರೋಕೆ ಕಲಿಯೋ ಮಗುವಿಗೆ ದುಡ್ಡಿಲ್ಲ ಅಂದ್ರೆ, ಆ ಕೆಲಸಕ್ಕೆ ಬರೋದು ಮನೇಲಿ ದುಡ್ಡಿರೋ ಮಕ್ಕಳು ಮಾತ್ರ ಅಂತಾಗುತ್ತೆ, ಆಮೇಲೆ ನಮ್ಮಂಥ ಮನೆಗಳಿಂದ ಬಂದ ಸೈಕಾಲಜಿಸ್ಟ್ ಯಾಕೆ ಕಮ್ಮಿ ಅಂತ ಕೇಳೋದ್ರಲ್ಲಿ ಅರ್ಥ ಏನಿದೆ.

ಮೇಂಟೆನೆನ್ಸ್ ಲೋನ್, ಅಂದ್ರೆ ಓದೋವಾಗ ಊಟ ಬಾಡಿಗೆ ಖರ್ಚಿಗೆ ಸಿಗೋ ಸಾಲದ ವಿಷಯನೂ ಹುಷಾರಾಗಿ ನೋಡ್ಬೇಕು. ಸಂಬಳ ಇರೋ ಪ್ಲೇಸ್‌ಮೆಂಟ್ ವರ್ಷಕ್ಕೆ ಕಡಿತದ ದರದ ಲೋನ್ ಮಾತ್ರ, ಎನ್‌ಎಚ್‌ಎಸ್ ಆಸ್ಪತ್ರೇಲಿ ಸಂಬಳ ಇಲ್ಲದೆ ಮಾಡಿದ್ರೆ ಪೂರ್ತಿ ದರದ್ದು ಕೇಳೋಕೆ ಅವಕಾಶ ಇದೆ, ಸಂಬಳ ಇಲ್ಲದ ಎಲ್ಲಾ ಜಾಗಕ್ಕೂ ಅದು ಅನ್ವಯಿಸಲ್ಲ. ಒಪ್ಕೊಳ್ಳೋ ಮುಂಚೆ ಯಾವ ಗುಂಪಿಗೆ ಬರುತ್ತೆ ಅಂತ ಬರಹದಲ್ಲಿ ಕೇಳಿಸ್ಕೊಳ್ಳಿ. ಭಾರತದಿಂದ ಸ್ಟೂಡೆಂಟ್ ವೀಸಾ ಮೇಲೆ ಬರೋ ಮಕ್ಕಳಿಗೆ ಲೆಕ್ಕನೇ ಬೇರೆ, ಆ ಶೇಕಡ 20ರ ಮಿತಿ ಅವರಿಗಿಲ್ಲ, ಪ್ಲೇಸ್‌ಮೆಂಟ್ ವರ್ಷದ ಫೀಸು ಎಷ್ಟು ಅಂತ ಆಯಾ ಯೂನಿವರ್ಸಿಟೀನೇ ಇಡುತ್ತೆ. ಪ್ಲೇಸ್‌ಮೆಂಟ್ ಕೋರ್ಸಿನ ಭಾಗವಾಗಿ ಇರ್ಲೇಬೇಕು. ಮೂರು ವರ್ಷದ್ದಕ್ಕೆ ವೀಸಾ ತಗೊಂಡು ಬಂದು ಆಮೇಲೆ ನಾಲ್ಕು ವರ್ಷ ಮಾಡ್ತೀನಿ ಅಂದ್ರೆ ವೀಸಾ ವಿಸ್ತರಣೆಯ ಖರ್ಚು ಓಡಾಟ ಎಲ್ಲ ಬೀಳುತ್ತೆ, ಅದಕ್ಕೆ ಮೊದಲೇ ನಾಲ್ಕು ವರ್ಷದ ಕೋರ್ಸಿಗೇ ಅರ್ಜಿ ಹಾಕೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಗಂಡ ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿದ್ರು. ಕೆಳಗೆ ಒಂದು ಸಾಲು, "ಸಂಬಳ ಇಲ್ಲದಿದ್ರೂ ಆ ವರ್ಷ ನಾವು ತೂಗಿಸ್ತೀವಿ, ದುಡ್ಡಿಗೋಸ್ಕರ ಆಸ್ಪತ್ರೆ ಬಿಡ್ಬೇಡ." ಅವರು ಬಾಯಲ್ಲಿ ಹೇಳೋ ಮನುಷ್ಯ ಅಲ್ಲ.

ಏಪ್ರಿಲ್ ಮೇ ಪೂರ್ತಿ ನಾವು ಒಂದು ಸುತ್ತು ಅಲ್ಲಿ, ಒಂದು ಸುತ್ತು ಇಲ್ಲಿ. ಡಿಸ್ಕವರ್ ಯೂನಿ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಎರಡೂ ಕೋರ್ಸುಗಳನ್ನ ಅಕ್ಕಪಕ್ಕ ಇಟ್ಟು ನೋಡಿದ್ವಿ, ವಿದ್ಯಾರ್ಥಿಗಳ ತೃಪ್ತಿ, ಮುಂದೆ ಏನಾದ್ರು, ಸಂಬಳ. ರೈಲಿನ ಊರು ಸಂಬಳದಲ್ಲಿ ಮೇಲೆ. ಬಸ್ಸಿನ ಊರು ಪಾಠದ ವಿಷಯದಲ್ಲಿ ಸ್ವಲ್ಪ ಮೇಲೆ. ಆ ಅಂಕಿಗಳು ಪ್ಲೇಸ್‌ಮೆಂಟ್ ಬಗ್ಗೆ ಹೇಳಿದ್ದು ಕಮ್ಮಿ. ರೈಲಿನ ಊರಿಗೆ ಮಗಳು ಎರಡು ಸಲ ಈಮೇಲ್ ಬರೆದ್ಳು, ಅದೇ ಪ್ರಶ್ನೆ, ಮೊದಲನೇದಕ್ಕೆ ಕರಿಯರ್ಸ್ ಟೀಮಿನ ಲಿಂಕ್ ಬಂತು, ಎರಡನೇದಕ್ಕೆ ಮೊದಲ ವರ್ಷ ಸೇರಿದ ಮೇಲೆ ವಿವರ ಕೊಡ್ತೀವಿ ಅಂತ ಬಂತು. ಅಲ್ಲಿ ಒಳ್ಳೆ ಮೇಷ್ಟ್ರುಗಳಿದ್ದಾರೆ, ಲ್ಯಾಬುಗಳಿವೆ, ಸಂಶೋಧನೆಗೆ ಹೋಗ್ಬೇಕು ಅನ್ನೋ ಮಗುವಿಗೆ ನಾನು ಇವತ್ತಿಗೂ ಅದನ್ನೇ ಹೇಳ್ತೀನಿ. ಇವಳಿಗೆ ಬೇಕಿದ್ದಿದ್ದು ಅದಲ್ಲ.

ಒಂದು ರಾತ್ರಿ ಪಾತ್ರೆ ಒರೆಸ್ತಾ ನಾನು ಅವಳಿಗೆ ಆ ಆಸ್ಪತ್ರೆ ಬೆಂಚಿನ ವಿಷಯ ಹೇಳಿದೆ. ಹದಿನೆಂಟು ವರ್ಷದಲ್ಲಿ ಯಾವತ್ತೂ ಹೇಳಿರ್ಲಿಲ್ಲ. ಅವಳು ಬಟ್ಟೆ ಕೆಳಗಿಟ್ಟು "ನೀನು ಏನು ಉತ್ತರ ಹೇಳ್ತಿದ್ದೆ ಅಮ್ಮ?" ಅಂತ ಕೇಳಿದ್ಳು. ನಮ್ಮಪ್ಪನ ಹೆಸರು ಹೇಳ್ತಿದ್ದೆ, ನಮ್ಮ ಬೀದಿ ಹೆಸರು ಹೇಳ್ತಿದ್ದೆ, ಆಮೇಲೆ ನೀವ್ಯಾರ ಮನೆಯವರು ಅಂತ ಕೇಳ್ತಿದ್ದೆ, ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ನಿದ್ವಿ. ಆಮೇಲೆ ಅವಳು "ಅಷ್ಟಕ್ಕೇ ಎರಡು ನಿಮಿಷ ಬೇಕಿತ್ತು" ಅಂದ್ಳು. ಆ ಮಾತಲ್ಲಿ ಸಿಟ್ಟಿತ್ತು, ನನ್ನ ಮೇಲಲ್ಲ.

ಜೂನ್ ಆರಂಭದಲ್ಲಿ ಯುಕಾಸಲ್ಲಿ ಉತ್ತರ ಕೊಡ್ಬೇಕಿತ್ತು. ಒಂದನ್ನ ಫರ್ಮ್, ಇನ್ನೊಂದನ್ನ ಇನ್ಶೂರೆನ್ಸ್, ಅಂದ್ರೆ ಮೊದಲನೇದಕ್ಕೆ ಬೇಕಾದ ಗ್ರೇಡ್ ಬರದಿದ್ರೆ ಎರಡನೇದು. ಸಾಮಾನ್ಯವಾಗಿ ಜಾಸ್ತಿ ಗ್ರೇಡ್ ಕೇಳೋದನ್ನ ಫರ್ಮ್ ಮಾಡಿ ಕಮ್ಮಿ ಕೇಳೋದನ್ನ ಇನ್ಶೂರೆನ್ಸ್ ಇಟ್ಕೊಳ್ತಾರೆ. ಅವಳು ಬಸ್ಸಿನ ಊರನ್ನ ಫರ್ಮ್ ಮಾಡ್ತೀನಿ ಅಂದ್ಳು. ಹಂಗಾದ್ರೆ ರೈಲಿನ ಊರನ್ನ ಇನ್ಶೂರೆನ್ಸ್ ಇಟ್ರೆ ಅರ್ಥ ಇಲ್ಲ, ಅದು ಇದಕ್ಕಿಂತ ಜಾಸ್ತಿ ಗ್ರೇಡ್ ಕೇಳುತ್ತೆ, ಇಲ್ಲಿ ತಪ್ಪಿದ್ರೆ ಅಲ್ಲೂ ತಪ್ಪುತ್ತೆ. ಹಾಗಾಗಿ ರೈಲಿನ ಊರು ಪೂರ್ತಿ ಕೈ ಬಿಡ್ಬೇಕು, ಐದರಲ್ಲಿ ನಾವು ಬದಿಗಿಟ್ಟಿದ್ದ ಇನ್ನೊಂದು ಕಡಿಮೆ ಗ್ರೇಡಿನ ಆಫರ್ ಇನ್ಶೂರೆನ್ಸ್ ಆಗ್ಬೇಕು. ರೈಲಿನ ಊರನ್ನ ನಿರಾಕರಿಸೋ ಬಟನ್ ಮೇಲೆ ಅವಳು ಬೆರಳಿಟ್ಟು ನನ್ನ ಕಡೆ ನೋಡಿದ್ಳು. ಹಿಂದೆ ನಿಂತಿದ್ದ ನನಗೆ ಎದೆ ಹಿಂಡಿದ ಹಾಗಾಯ್ತು, ಆ ಹೆಸರು ನಮ್ಮ ಮನೆಗೆ ಮತ್ತೆ ಬರಲ್ಲ ಅನ್ನಿಸ್ತು. ನಿಜ ಹೇಳ್ಬೇಕಂದ್ರೆ ಇವತ್ತಿಗೂ ನಾನು ಪೂರ್ತಿ ಸಮಾಧಾನ ಆಗಿಲ್ಲ. "ಒತ್ತು" ಅಂದೆ.

ರಿಸಲ್ಟ್ ಆಗಸ್ಟ್ 13ಕ್ಕೆ. ಪರೀಕ್ಷೆ ಹೇಗಾಗಿದೆ ಅಂತ ಕೇಳಿದ್ರೆ ಸ್ಟ್ಯಾಟಿಸ್ಟಿಕ್ಸ್ ಪ್ರಶ್ನೆ ಒಂದು ಕೈಕೊಟ್ಟಿದೆ ಅಂತಾಳೆ. ಮೊನ್ನೆ ಅವಳ ಟೇಬಲ್ ಒರೆಸುವಾಗ ಆ ನೋಟ್‌ಬುಕ್ ತೆರೆದೇ ಇತ್ತು. ಸೆಪ್ಟೆಂಬರಿನ "ಉತ್ತರ ಇಲ್ಲ" ಅನ್ನೋ ಪುಟ ದಾಟಿ ತುಂಬಾ ಹಾಳೆ ಆದ್ಮೇಲೆ, ಅಕ್ಟೋಬರ್ ಅಂತ ಮೇಲೆ ಬರೆದು ಕೆಳಗೆ ಇಷ್ಟೇ ಇತ್ತು: ಮೊದಲ ವಾರ, ರಿಂಗ್ ಫೈಲ್ ಮೇಡಂ ಆಫೀಸು, ಯಾವ ವಾರ್ಡಲ್ಲಿ ಕನ್ನಡ, ತೆಲುಗು, ಪಂಜಾಬಿ ಮಾತಾಡೋ ವಯಸ್ಸಾದವರು ಬರ್ತಾರೆ ಅಂತ ಕೇಳೋದು.